ಬಿಳಿ ಬೀಳದ ತೋಟ

ನಮ್ಮ ಊರಿನಲ್ಲಿ ಅದನ್ನು ಹಿಮ ಎಂದು ಯಾರೂ ಕರೆಯುತ್ತಿರಲಿಲ್ಲ. ‘ಬಿಳಿ ಬಂತು’ ಎನ್ನುತ್ತಿದ್ದೆವು. ಈಸ್ಟರ್ ಕಳೆದು, ದ್ರಾಕ್ಷಿಬಳ್ಳಿ ಚಿಗುರಿ, ಜನ ಕಂಬಳಿಗಳನ್ನು ತೊಳೆದು ಮಡಿಚಿಟ್ಟ ಮೇಲೆ, ಒಂದು ಬೆಳಿಗ್ಗೆ ಎದ್ದು ನೋಡಿದರೆ ಅದು ಬಂದಿರುತ್ತಿತ್ತು. ಇಡೀ ಊರಿಗೆ ಬರುತ್ತಿರಲಿಲ್ಲ. ಒಂದು ತೋಟದ ಮೇಲೆ ಬಿದ್ದು ಪಕ್ಕದ ತೋಟವನ್ನು ಬಿಡುತ್ತಿತ್ತು. ಹಗ್ಗ ಹಿಡಿದು ಅಳೆದ ಹಾಗೆ ಬೇಲಿಯವರೆಗೆ ಬಂದು ನಿಲ್ಲುತ್ತಿತ್ತು. ಬೇಲಿಯ ಈಚೆ ಬಳ್ಳಿ ಸುಟ್ಟು ಕಪ್ಪಾಗಿದ್ದರೆ, ಆಚೆ ಎಲೆಯ ಮೇಲೆ ಇಬ್ಬನಿ ಹೊಳೆಯುತ್ತಿರುತ್ತಿತ್ತು. ನನ್ನ ಅಜ್ಜಿಯ ಕಾಲದಲ್ಲೂ ಹಾಗೆಯೇ ಇತ್ತಂತೆ. ಬಿಳಿ ಬಿದ್ದ ಮನೆಯವರು ಬೀಳದ ಮನೆಯ ಜಗಲಿಯಲ್ಲಿ ಹೋಗಿ ಬುಟ್ಟಿ ಇಡುವುದು, ಅವರು ಅದನ್ನು ತುಂಬಿಸಿ ಕಳಿಸುವುದು, ಇದು ರೂಢಿ. ಬುಟ್ಟಿ ಇಡಲು ಯಾರೂ ನಾಚುತ್ತಿರಲಿಲ್ಲ. ಬರುವ ವರ್ಷ ಯಾರ ಬುಟ್ಟಿ ಯಾರ ಜಗಲಿಯಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲವಲ್ಲ.

ಆದರೆ ನಾನು ಹೇಳುತ್ತಿರುವ ಕಾಲದಲ್ಲಿ ಮೂರು ವರ್ಷ ಒಂದೇ ಸಮ ಬಿಳಿ ಬಂತು. ಎರಡು ಮೂರು ತೋಟಕ್ಕಲ್ಲ, ಅರ್ಧ ಊರಿಗೆ. ಬುಟ್ಟಿಗಳು ಹೆಚ್ಚಾದವು, ತುಂಬಿಸುವವರು ಕಡಿಮೆಯಾದರು. ಎರಡನೆಯ ವರ್ಷವೇ ಕೆಲವರು ಜಗಲಿಯ ಬಾಗಿಲು ಹಾಕಿಕೊಳ್ಳತೊಡಗಿದ್ದರು. ಮೂರನೆಯ ವರ್ಷ ನಾನೂ ಹಾಕಿಕೊಂಡೆ.

ನನ್ನ ಬೇಲಿಯಾಚೆ ಕಿತೇರಿಯಕ್ಕನ ಮನೆ. ಗಂಡ ಲಾಜರ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಕಣ್ಣು ಮಂಜಾಗುತ್ತಾ ಬಂದಿದ್ದರೂ ತೋಟದ ಕೆಲಸ ತಾನೇ ಮಾಡುತ್ತಿದ್ದಳು. ಹಿಂದಿನ ಎರಡು ವರ್ಷವೂ ಅವಳ ತೋಟಕ್ಕೆ ಬಿಳಿ ಬಿದ್ದಿತ್ತು. ಈಸ್ಟರಿನ ಮರುವಾರ ಅವಳು ಬುಟ್ಟಿ ಹಿಡಿದು ಬಂದಳು.

“ರೆಜೀನಾ, ಒಂದು ಸೇರು ಹಿಟ್ಟು ಉಂಟಾ?” ಎಂದಳು.

ನನ್ನಲ್ಲಿ ಮೂರು ಸೇರು ಇತ್ತು. “ಇಲ್ಲ ಕಿತೇರಿಯಕ್ಕ, ನಾವೇ ಗಂಜಿ ನೀರು ಕುಡೀತಾ ಇದ್ದೇವೆ” ಎಂದೆ. ಒಳಗೆ ಒಲೆಯ ಮೇಲೆ ರೊಟ್ಟಿ ಬೇಯುವ ವಾಸನೆ ಬರುತ್ತಿತ್ತು. ಅದು ಅವಳಿಗೂ ಬಂದಿರಬೇಕು. ಅವಳು ತಿರುಗಿ ಮೆಟ್ಟಿಲಿಳಿದು ಹೋದಳು. ಇಳಿಯುವಾಗ ಬಾಯಲ್ಲಿ ಏನೋ ಗೊಣಗುತ್ತಿದ್ದಳು. ಏನೆಂದು ಕೇಳಿಸಲಿಲ್ಲ.

ಐದು ದಿನಕ್ಕೆ ಬಿಳಿ ಬಂತು. ನನ್ನ ತೋಟ ಸಂಪೂರ್ಣ ಕಪ್ಪಾಯಿತು. ಕಿತೇರಿಯಕ್ಕನ ತೋಟದ ಒಂದು ಎಲೆಯೂ ಬಾಡಲಿಲ್ಲ. ಆ ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ನಾನು ಮೊದಲು ನೆನೆಸಿದ್ದು ನನ್ನ ಸುಳ್ಳನ್ನು. ಅದನ್ನು ಮರೆಯಲಿಕ್ಕೆಂದೇ ಇರಬೇಕು, ಅವಳ ಗೊಣಗು ನೆನಪಾಯಿತು. ಬಾವಿಕಟ್ಟೆಗೆ ಹೋದಾಗ ಹೆಂಗಸರೆಲ್ಲ ತಮ್ಮ ತಮ್ಮ ಬಳ್ಳಿಯ ಕಥೆ ಹೇಳಿಕೊಂಡು ಅಳುತ್ತಿದ್ದರು. ನಾನು ಹೇಳಿದೆ: “ಕಿತೇರಿಯಕ್ಕನ ತೋಟಕ್ಕೆ ಮಾತ್ರ ಎಂತದೂ ಆಗ್ಲಿಲ್ಲ ನೋಡಿ. ಮೊನ್ನೆ ಹಿಟ್ಟು ಕೇಳ್ಲಿಕ್ಕೆ ಬಂದಿದ್ದಳು, ಇಲ್ಲ ಅಂದದ್ದಕ್ಕೆ ಎಂತದೋ ಗೊಣಗಿಕೊಂಡು ಹೋದಳು.”

ಇಷ್ಟೇ ಹೇಳಿದ್ದು. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿದರು. ಪಾಸ್ಕುವಿನ ಹೆಂಡತಿ ಬೆನೆದಿತಾ ಒಬ್ಬಳು ಕೊಡಪಾನ ಎತ್ತಿಕೊಂಡು, “ಸುಮ್ಮನಿರು ಮಾರಾಯ್ತಿ, ಮುದುಕಿಯರೆಲ್ಲ ಗೊಣಗ್ತಾರೆ. ನನ್ನ ತೋಟಕ್ಕೂ ಬಿಳಿ ಬೀಳ್ಲಿಲ್ಲ, ಹಾಗಾದ್ರೆ ನಾನೂ ಗೊಣಗಿದ್ದಾ?” ಎಂದು ನಕ್ಕಳು. ಯಾರೂ ನಗಲಿಲ್ಲ.

ಆ ಸಂಜೆ ಆರು ಜನ ಗಂಡಸರು ಒಂದು ಸಮಿತಿ ಮಾಡಿಕೊಂಡು ಬಾಲ್ತಜಾರ್ ಪಾದ್ರಿಗಳ ಮನೆಗೆ ಹೋದರು. ಅವರಲ್ಲಿ ನನ್ನ ಗಂಡ ಇನಾಸನೂ ಒಬ್ಬ. ಪಾದ್ರಿಗಳು ವಯಸ್ಸಾದವರು, ನಲವತ್ತು ವರ್ಷದಿಂದ ನಮ್ಮ ಇಗರ್ಜಿಯಲ್ಲೇ ಇದ್ದವರು. ಇದು ದೇವರ ಪರೀಕ್ಷೆ, ತಾಳ್ಮೆಯಿಂದಿರಿ ಎಂದರಂತೆ.

“ದೇವರದ್ದಾದ್ರೆ ನಮ್ದೇ ತಪ್ಪು ಅಂತ ಆಯ್ತಲ್ಲ ಪಾದ್ರಿಗಳೇ” ಎಂದು ಇನಾಸ ಕೇಳಿದನಂತೆ. “ಎಂತ ತಪ್ಪು ಅಂತ ಹೇಳಿ. ಉಪವಾಸ ಮಾಡಿದ್ದೇವೆ. ಬರಿಗಾಲಲ್ಲಿ ಶಿಲುಬೆ ಹೊತ್ತು ಗುಡ್ಡೆ ಹತ್ತಿದ್ದೇವೆ. ಇನ್ನೆಂತ ಮಾಡ್ಬೇಕು? ಯಾರೋ ಮಾಡ್ಸುದಾದ್ರೆ ಅದನ್ನು ನಿಲ್ಲಿಸ್ಲಿಕ್ಕಾದ್ರೂ ಆಗ್ತದೆ.”

ಪಾದ್ರಿಗಳು ಮೂರು ಸಲ ಆಗುವುದಿಲ್ಲ ಎಂದು, ನಾಲ್ಕನೆಯ ಸಲ, ಮಾಟ ವಿಚಾರಿಸುವವರೊಬ್ಬರನ್ನು ಕಳಿಸಿ ಎಂದು ಬಿಷಪ್ಪರಿಗೆ ಕಾಗದ ಬರೆದುಕೊಟ್ಟರು. ನಮ್ಮ ಸೀಮೆಗೆ ದೊರೆಯೂ ಬಿಷಪ್ಪರೂ ಒಬ್ಬರೇ. ಆರು ಜನ ಎರಡು ದಿನ ನಡೆದು ಅವರ ಪಟ್ಟಣಕ್ಕೆ ಹೋಗಿ ಕಾಗದ ಕೊಟ್ಟು ಬಂದರು. ಇನಾಸ ಮನೆಗೆ ಬಂದು ಕಾಲು ತೊಳೆಯುತ್ತಾ, “ಕಳಿಸ್ತಾರಂತೆ” ಎಂದ. ಮೂರು ವರ್ಷದಲ್ಲಿ ಅವನ ಮುಖದಲ್ಲಿ ಅಂಥ ಗೆಲುವು ನಾನು ಕಂಡಿರಲಿಲ್ಲ.

ಬಂದವರ ಹೆಸರು ಮಾರ್ಸೆಲಿನ್. ನಾವು ಪಂಡಿತರು ಎನ್ನುತ್ತಿದ್ದೆವು. ರಾಕ್ಷಸನಂಥವನನ್ನು ನಿರೀಕ್ಷಿಸಿದ್ದ ನಮಗೆ ಆಶ್ಚರ್ಯವಾಯಿತು. ಸಣಕಲು ಮನುಷ್ಯ, ಸದಾ ಕೆಮ್ಮು, ಬಿಸಿ ಹಾಲು ಬಿಟ್ಟರೆ ಬೇರೇನೂ ಕುಡಿಯುತ್ತಿರಲಿಲ್ಲ. ಎಲ್ಲರನ್ನೂ ಗೌರವದಿಂದ ಮಾತಾಡಿಸುತ್ತಿದ್ದರು. ಜೊತೆಗೆ ಆರು ಜನ ಕಾವಲಿನವರು, ಒಬ್ಬ ಬರೆಯುವವನು, ಚರ್ಮದ ಹೊದಿಕೆಯ ಒಂದು ದಪ್ಪ ಪುಸ್ತಕ. ನನ್ನನ್ನು ಮೊದಲು ಕರೆಸಿದರು. ಬಾವಿಕಟ್ಟೆಯಲ್ಲಿ ಹೇಳಿದ್ದನ್ನೇ ಹೇಳಿದೆ. ಬರೆಯುವವನು ಬರೆದುಕೊಂಡ. ಮನೆಯಲ್ಲಿ ಹಿಟ್ಟಿತ್ತು ಎಂಬುದನ್ನು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ.

“ಇಷ್ಟು ತೋಟ ಸುಡುವುದು ಒಬ್ಬಳಿಂದ ಆಗುವ ಕೆಲಸವಲ್ಲ” ಎಂದರು ಪಂಡಿತರು, ಪುಸ್ತಕದ ಮೇಲೆ ಕೈಯಿಟ್ಟು. “ಇಂಥವರು ಒಬ್ಬರೇ ಇರುವುದಿಲ್ಲ. ಎಲ್ಲಾ ಊರಿನಲ್ಲೂ ನೋಡಿದ್ದೇನೆ.”

ಆ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಹರಡಿತು. ಅದರ ಮರುದಿನದಿಂದ ನಡೆದದ್ದನ್ನು ನೋಡಿದರೆ ಯಾರಾದರೂ ನಮಗೆ ತಲೆಕೆಟ್ಟಿದೆ ಎನ್ನುತ್ತಿದ್ದರು. ಬಿಳಿ ಬೀಳದ ತೋಟದವರು ತಮ್ಮ ಹಸಿರು ಬಳ್ಳಿಯನ್ನು ತಾವೇ ಹಾಳು ಮಾಡತೊಡಗಿದರು. ಒಬ್ಬರು ಬುಡಕ್ಕೆ ಕುದಿಯುವ ನೀರು ಹೊಯ್ದರು, ಇನ್ನೊಬ್ಬರು ಆಡು ಬಿಟ್ಟರು. ಪಾಸ್ಕು ಬೆಳಗಾಗುವ ಮೊದಲೇ ಎದ್ದು ತನ್ನ ಎರಡು ಸಾಲು ಬಳ್ಳಿಯನ್ನು ಬೇರುಸಹಿತ ಕಿತ್ತು ದಾರಿಗೆ ಕಾಣುವ ಹಾಗೆ ರಾಶಿ ಹಾಕಿದ. ಬೆನೆದಿತಾ ಅಂಗಳದಲ್ಲಿ ನಿಂತು ಅವನಿಗೆ ಬಾಯಿಗೆ ಬಂದಂತೆ ಬೈದಳು. ಹಸಿದವರ ಊರಿನಲ್ಲಿ ಇದ್ದಬದ್ದ ಹಸಿರೂ ಹೀಗೆ ಹೋಯಿತು. ಪೂಜೆಗೆ ಹೋದರೆ ಜನ ಪೀಠವನ್ನು ನೋಡುತ್ತಿರಲಿಲ್ಲ, ಪಕ್ಕದವರ ಕೈಯನ್ನು ನೋಡುತ್ತಿದ್ದರು, ಶಿಲುಬೆ ಗುರುತು ಸರಿಯಾಗಿ ಹಾಕಿದರೋ ಇಲ್ಲವೋ ಎಂದು. ಬೇಗ ಹಾಕಿದರೆ ಅಸಡ್ಡೆ ಎಂದಾರು, ನಿಧಾನ ಹಾಕಿದರೆ ನಾಟಕ ಎಂದಾರು ಎಂದು ನಾನು ಮುಂದಿನವಳ ಕೈ ನೋಡಿ ಅವಳ ಹಾಗೆಯೇ ಹಾಕುತ್ತಿದ್ದೆ.

ಕಿತೇರಿಯಕ್ಕನ ತೋಟ ಮಾತ್ರ ಹಾಗೆಯೇ ಹಸಿರಾಗಿತ್ತು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಅವಳನ್ನು ದ್ರಾಕ್ಷಿ ಹಿಂಡುವ ಮನೆಯಲ್ಲಿ ಇಟ್ಟರು. ಮೂರು ವರ್ಷದಿಂದ ಅಲ್ಲಿ ಹಿಂಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ತೊಲೆಗೆ ಹಗ್ಗ ಕಟ್ಟಿದ್ದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಎತ್ತುತ್ತಿದ್ದರಂತೆ. ಮೊದಲ ದಿನವೇ ಕಿತೇರಿಯಕ್ಕ ಎಲ್ಲವನ್ನೂ ಒಪ್ಪಿಕೊಂಡಳು, ಜೊತೆಗೆ ಒಂದು ಹೆಸರನ್ನೂ ಕೊಟ್ಟಳು. ಬೆನೆದಿತಾ.

ಬೆನೆದಿತಾ ಎರಡು ದಿನ ತಡೆದಳು. ಮೂರನೆಯ ದಿನ ನಾಲ್ಕು ಹೆಸರು ಹೇಳಿದಳು, ಆ ನಾಲ್ವರನ್ನೂ ಹಿಡಿದು ಹಾಕಿದರು. ಮರುದಿನ ಬೆನೆದಿತಾ ಅದೆಲ್ಲ ಸುಳ್ಳು ಎಂದಳು. ಹೇಳಿದ್ದನ್ನು ಹಿಂದೆ ತೆಗೆದುಕೊಂಡವರು ಹಟಮಾರಿ ಪಾಪಿಗಳು ಎಂದು ಪಂಡಿತರ ಪುಸ್ತಕದಲ್ಲಿ ಇತ್ತಂತೆ. ಶುಕ್ರವಾರ ಹೊಳೆಯಾಚೆ ಬಯಲಿನಲ್ಲಿ ಅವಳನ್ನು ಸುಟ್ಟರು. ಊರಿನವರೆಲ್ಲ ಹೋಗಲೇಬೇಕಿತ್ತು. ಪಾಸ್ಕುವನ್ನು ಇಬ್ಬರು ಹಿಡಿದುಕೊಂಡಿದ್ದರು. ಅವನು ಒದ್ದಾಡಲಿಲ್ಲ, ಕೂಗಲಿಲ್ಲ. ಪುಟ್ಟ ಮಗು ಮೊದಲ ಸಲ ಏನನ್ನೋ ನೋಡುವ ಹಾಗೆ ನೋಡುತ್ತಿದ್ದ. ನಾನು ನೆಲ ನೋಡುತ್ತಿದ್ದೆ. ಆದರೆ ಅವಳ ಧ್ವನಿ ಕೇಳಿಸದ ಹಾಗೆ ಮಾಡಿಕೊಳ್ಳಲು ನನ್ನಿಂದಾಗಲಿಲ್ಲ.

ಭಾನುವಾರ ಬೆಳಿಗ್ಗೆ ಮತ್ತೆ ಬಿಳಿ ಬಂತು, ಉಳಿದಿದ್ದ ತರಕಾರಿ ಮಡಿಗಳ ಮೇಲೆ. ಇನ್ನೂ ಇದ್ದಾರೆ ಎಂಬುದಕ್ಕೆ ಇದೇ ಸಾಕ್ಷಿ ಎಂದರು ಪಂಡಿತರು. ಕಿತೇರಿಯಕ್ಕನೇ ಮೂಲ, ಅವಳಿಂದ ಎಲ್ಲಾ ಹೆಸರು ಬರುವವರೆಗೆ ಅವಳನ್ನು ಉಳಿಸಬೇಕು ಎಂದರು.

ಆ ರಾತ್ರಿಗಳಲ್ಲಿ ಇನಾಸ ನಿದ್ದೆ ಮಾಡಲಿಲ್ಲ. “ನಿಲ್ಲಿಸಿ ಅಂತ ನೀವು ಆರು ಜನ ಹೋಗಿ ಹೇಳ್ಬಾರ್ದಾ?” ಎಂದೆ.

“ಯಾರು ಮೊದ್ಲು ಹೇಳುದು?” ಎಂದ. “ಮೊದ್ಲು ಹೇಳಿದವನ ಹೆಂಡತಿ ಹೆಸರು ಮರುದಿನ ಬರ್ತದೆ.”

ಬಂಧನದಲ್ಲಿದ್ದವರಿಗೆ ಗಂಜಿ ಕೊಡುವ ಕೆಲಸ ಸಮಿತಿಯ ಮನೆಗಳ ಪಾಲಿಗೆ ಬಂದಿತ್ತು. ಕಿತೇರಿಯಕ್ಕನಿಗೆ ನಾನು ಒಯ್ಯಬೇಕಾಯಿತು. ಅವಳ ಭುಜಗಳು ಜಾಗ ತಪ್ಪಿದ್ದವು, ಕೈ ಎತ್ತಲು ಆಗುತ್ತಿರಲಿಲ್ಲ. ನಾನೇ ಬಾಯಿಗೆ ಹಾಕುತ್ತಿದ್ದೆ. ಮೊದಲ ನಾಲ್ಕು ದಿನ ನಾವು ಒಂದು ಮಾತೂ ಆಡಲಿಲ್ಲ. ಐದನೆಯ ದಿನ ಕಾವಲಿನವನು ಹೊರಗೆ ಬಿಸಿಲಿಗೆ ಕೂತಿದ್ದಾಗ ನಾನು ಕೇಳಿಯೇಬಿಟ್ಟೆ.

“ಅವತ್ತು ನಮ್ಮ ಮನೆಯಿಂದ ಹೋಗುವಾಗ ಎಂತ ಹೇಳಿದ್ದು ನೀವು?”

“ಯಾವಾಗ?”

“ಹಿಟ್ಟು ಕೇಳ್ಲಿಕ್ಕೆ ಬಂದಾಗ. ಎಂತದೋ ಗೊಣಗಿದ್ರಲ್ಲ.”

ಅವಳು ಯೋಚಿಸಿದಳು. “ಗೊಣಗಿದ್ದಲ್ಲ ಮಾರಾಯ್ತಿ. ಮೆಟ್ಟಿಲು ಲೆಕ್ಕ ಮಾಡಿದ್ದು. ನಿಮ್ಮಲ್ಲಿ ಏಳು ಮೆಟ್ಟಿಲು ಅಲ್ವಾ? ನಂಗೆ ಕೆಳಗೆ ಕಾಣುದಿಲ್ಲ. ಲೆಕ್ಕ ಮಾಡದಿದ್ರೆ ಬೀಳ್ತೇನೆ.”

ನಾನು ಇನ್ನೊಂದು ಚಮಚ ಗಂಜಿ ಅವಳ ಬಾಯಿಗೆ ಹಾಕಿದೆ. ಅವಳು ನುಂಗಿ ಮೆಲ್ಲಗೆ ಹೇಳಿದಳು: “ನಾಳೆ ಮತ್ತೆ ಎತ್ತುತ್ತಾರಂತೆ ರೆಜೀನಾ. ಒಂಬತ್ತು ಹೆಸರು ಬೇಕಂತೆ. ಮೇಲೆ ಹೋದಾಗ ತಲೆಗೆ ಎಂತದೂ ಬರುದಿಲ್ಲ. ಯಾರ ಮುಖ ಮೊದ್ಲು ಬರ್ತದೋ ಅವರ ಹೆಸರು ಬಾಯಿಗೆ ಬರ್ತದೆ. ಬೆನೆದಿತಾ ಹಿಂದಿನ ದಿನ ಮೊಟ್ಟೆ ಕೊಟ್ಟು ಹೋಗಿದ್ದಳು. ಹಾಗೆ ಅವಳ ಮುಖ ಇತ್ತು. ಈಗ ದಿನಾ ಬರುದು ನೀನೊಬ್ಬಳೇ ಅಲ್ವಾ.”

ಅದು ಬೆದರಿಕೆಯಾಗಿರಲಿಲ್ಲ, ಎಚ್ಚರಿಕೆಯಾಗಿತ್ತು. ಆಮೇಲೆ ನಾನು ಹೇಳಿದ್ದನ್ನು ಊರಿನವರು ಬುದ್ಧಿವಂತಿಕೆ ಎಂದರು, ಧೈರ್ಯ ಎಂದರು. ಎರಡೂ ಅಲ್ಲ. ನನ್ನ ಹೆಸರೊಂದು ಬಾರದಿದ್ದರೆ ಸಾಕು ಎಂದಷ್ಟೇ ನನಗಿದ್ದದ್ದು.

“ಸತ್ತವರ ಹೆಸರು ಹೇಳಿ ಕಿತೇರಿಯಕ್ಕ” ಎಂದೆ. “ಪಂಡಿತರು ಪರಸ್ಥಳದವರು. ಅವರಿಗೆ ಯಾರು ಇದ್ದಾರೆ, ಯಾರು ಇಲ್ಲ ಎಂತ ಗೊತ್ತುಂಟು?”

ಅವಳು ನನ್ನ ದನಿ ಬಂದ ಕಡೆ ಮುಖ ಮಾಡಿ ಕೂತಳು. ಆಮೇಲೆ ತುಟಿ ಅಲುಗಾಡತೊಡಗಿತು. ಗಂಡ ಲಾಜರ. ಅವನ ಅಣ್ಣ. ಹೆರಿಗೆಯಲ್ಲಿ ಹೋದ ಅವಳ ತಂಗಿ. ಗಂಟೆ ಬಾರಿಸುತ್ತಿದ್ದ ಸಾಂತಾನ. ಮರೆತುಹೋಗಬಾರದೆಂದು ನಾವಿಬ್ಬರೂ ಮತ್ತೆ ಮತ್ತೆ ಹೇಳಿಕೊಂಡೆವು, ಮಕ್ಕಳು ಜಪ ಬಾಯಿಪಾಠ ಮಾಡುವ ಹಾಗೆ. ಎಂಟಾಯಿತು.

“ಇನ್ನೊಂದು ಬೇಕು” ಎಂದಳು. “ನಿನ್ನ ಅಮ್ಮನ ಹೆಸರು ಹೇಳ್ಲಾ?”

ನನ್ನ ಅಮ್ಮ ಪಿಯೆದಾದ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. “ಹೇಳಿ” ಎಂದೆ.

ಮರುದಿನ ಅವಳನ್ನು ಎತ್ತಿದರು. ಒಂಬತ್ತು ಹೆಸರೂ ಬಂದವು. ಹೆಸರು ಬಂದವರನ್ನು ಭಾನುವಾರದ ಪೂಜೆಯಲ್ಲಿ ಪಾದ್ರಿಗಳು ಓದಬೇಕು, ಅವರು ಸಂಜೆಯೊಳಗೆ ತಾವಾಗಿ ಬಂದು ಒಪ್ಪಿಸಿಕೊಳ್ಳಬೇಕು ಎಂದು ಪಂಡಿತರು ಈ ಸಲ ಹೊಸ ಕ್ರಮ ಮಾಡಿದರು, ಒಂಬತ್ತು ಜನರನ್ನು ಹಿಡಿದು ತರಲು ಕಾವಲಿನವರು ಸಾಲದೆಂದು. ಅಂದು ಇಗರ್ಜಿಯಲ್ಲಿ ಯಾರೂ ಕೆಮ್ಮಲಿಲ್ಲ, ಪಂಡಿತರೊಬ್ಬರನ್ನು ಬಿಟ್ಟು. ಬಾಲ್ತಜಾರ್ ಪಾದ್ರಿಗಳು ಕಾಗದ ಬಿಡಿಸಿದರು. ಮೊದಲ ಹೆಸರನ್ನು ಕಣ್ಣಿನಲ್ಲೇ ಓದಿ ನಿಂತುಬಿಟ್ಟರು. ಎರಡನೆಯದನ್ನೂ ನೋಡಿರಬೇಕು, ಮೂರನೆಯದನ್ನೂ. ಆ ಒಂಬತ್ತು ಜನರಿಗೂ ಮಣ್ಣು ಕೊಟ್ಟವರು ಅವರೇ. ಅವರು ಪಂಡಿತರ ಕಡೆ ತಿರುಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು.

“ಲಾಜರ” ಎಂದು ಓದಿದರು ಪಾದ್ರಿಗಳು. ಆಮೇಲೆ ಒಂದೊಂದಾಗಿ, ನಿಧಾನವಾಗಿ, ಸತ್ತವರ ದಿನ ನವೆಂಬರಿನಲ್ಲಿ ಓದುವ ಅದೇ ರಾಗದಲ್ಲಿ ಓದಿದರು. ನನ್ನ ಅಮ್ಮನ ಹೆಸರೂ ಬಂತು. ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಪಟ್ಟಿ ಮುಗಿದಾಗ ಹಿಂದಿನ ಬೆಂಚಿನಿಂದ ಒಬ್ಬ ಮುದುಕಿ, ಅಭ್ಯಾಸಬಲದಿಂದಲೇ ಇರಬೇಕು, “ಸ್ವಾಮೀ, ಅವರಿಗೆ ನಿತ್ಯ ಶಾಂತಿ ಕೊಡು” ಎಂದಳು. ಇಡೀ ಇಗರ್ಜಿ ಅದನ್ನೇ ಹೇಳಿತು.

“ಇದೇನು?” ಎಂದರು ಪಂಡಿತರು.

“ನಮ್ಮ ರೂಢಿ” ಎಂದರು ಪಾದ್ರಿಗಳು.

ಸಂಜೆಯವರೆಗೆ ಯಾರೂ ಬರಲಿಲ್ಲ. ಕಾವಲಿನವರು ಮನೆ ಮನೆಗೆ ಹೋದರು. ಎಲ್ಲಿ ಎಂದು ಕೇಳಿದವರಿಗೆಲ್ಲ ಜನ ಗುಡ್ಡೆಯ ಮೇಲೆ ಎಂದರು. ಮರುದಿನ ಪಂಡಿತರು ಕೆಮ್ಮುತ್ತಾ ಗುಡ್ಡೆ ಹತ್ತಿ ಸಮಾಧಿಗಳ ನಡುವೆ ನಿಂತು ಶಿಲುಬೆಗಳ ಮೇಲಿನ ಹೆಸರು ಓದಿದರಂತೆ. ಅವರಿಗೆ ನಾಚಿಕೆಯಾಗಬಹುದು, ಹೊರಟುಹೋಗಬಹುದು ಎಂದು ನಾನು ಆಸೆಪಟ್ಟಿದ್ದೆ. ಅವರು ಇಳಿದು ಬಂದು ಪುಸ್ತಕ ತೆರೆದರು. ಸತ್ತವರೂ ಸೈತಾನನ ಸಭೆಗೆ ಹೋಗುವುದುಂಟು, ನಾಳೆ ಗೋರಿ ಅಗೆದು ಎಲುಬುಗಳನ್ನು ಸುಡಬೇಕು ಎಂದರು.

ಬದುಕಿದ್ದ ಬೆನೆದಿತಾಳನ್ನು ಸುಡುವಾಗ ನಾವು ನಿಂತು ನೋಡಿದ್ದೆವು. ಎಲುಬು ಅಗೆಯುತ್ತಾರೆ ಎಂದಾಗ ನಮಗೆ ತಡೆಯಲಾಗಲಿಲ್ಲ. ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ, ನಡೆದದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಹೆಂಗಸರೆಲ್ಲ ಗುಡ್ಡೆ ಹತ್ತಿ ಸ್ಮಶಾನದ ಗೇಟಿಗೆ ಅಡ್ಡ ಕೂತೆವು. ಪಾದ್ರಿಗಳು ಮಧ್ಯದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕೂತರು. ಯಾರು ಮೊದಲು ಹೊರಟರೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಹೆದರಿಕೆಯೂ ಆಗಲಿಲ್ಲ. ಆರು ಜನ ಕಾವಲಿನವರು ನಮ್ಮನ್ನು ನೋಡಿದರು, ಪಂಡಿತರನ್ನು ನೋಡಿದರು, ಗುದ್ದಲಿ ಕೆಳಗಿಟ್ಟರು. ಅಂದೇ ಸಮಿತಿಯ ಆರು ಜನ ಮತ್ತೆ ಬಿಷಪ್ಪರ ಪಟ್ಟಣಕ್ಕೆ ನಡೆದರು. ಬಿಷಪ್ಪರಿಗೆ ಬೇರೆ ಮೂರು ಊರುಗಳಿಂದ ಪಂಡಿತರಿಗಾಗಿ ಬೇಡಿಕೆ ಬಂದಿತ್ತಂತೆ. ಒಂದು ಊರಿನವರು ಸಾಕು ಎಂದದ್ದು ಅವರಿಗೆ ಅನುಕೂಲವೇ ಆಯಿತು. ಪಂಡಿತರು ಹೊರಡುವಾಗ ಪ್ರತಿಯೊಬ್ಬರಿಗೂ ಕೈಮುಗಿದು ಹೋದರು. ಹೇಳಿಕೆ ಬರೆದ ಕಾಗದಗಳನ್ನೆಲ್ಲ ಪಾದ್ರಿಗಳು ತಮ್ಮ ಒಲೆಯಲ್ಲಿ ಹಾಕಿದರು.

ಬೆನೆದಿತಾ ಹೆಸರಿಸಿದ ನಾಲ್ಕು ಜನ ಮನೆಗೆ ಬಂದರು. ಕಿತೇರಿಯಕ್ಕನೂ ಬಂದಳು. ಅವಳ ಕೈಗಳು ಸರಿಯಾಗಲಿಲ್ಲ. ಮತ್ತೆ ಒಂಬತ್ತು ವರ್ಷ ನಾನು ಅವಳಿಗೆ ದಿನಕ್ಕೆರಡು ಹೊತ್ತು ಉಣಿಸಿದೆ. ಶನಿವಾರ ಪಾಸ್ಕು ಬಂದು ಅವಳ ಬಳ್ಳಿ ಕತ್ತರಿಸಿ ಕಟ್ಟಿಕೊಟ್ಟು ಹೋಗುತ್ತಿದ್ದ. ಕಿತೇರಿಯಕ್ಕ ಅವನಿಗೆ ಬಾಗಿಲಿನಿಂದಲೇ ನೀರು ಬೇಕಾ ಎಂದು ಕೇಳುತ್ತಿದ್ದಳು, ಅವನು ಬೇಡ ಎನ್ನುತ್ತಿದ್ದ. ಬಿಳಿ ಆಮೇಲೂ ಬರುತ್ತಿತ್ತು, ಕೆಲವು ವರ್ಷ ಹೆಚ್ಚು, ಕೆಲವು ವರ್ಷ ಕಡಿಮೆ.

ಒಂಬತ್ತನೆಯ ವರ್ಷ ಅವಳಿಗೆ ಜ್ವರ ಬಂದು ಹಾಸಿಗೆ ಹಿಡಿದಾಗ, ಇನ್ನು ಹೆಚ್ಚು ದಿನವಿಲ್ಲ ಎಂದು ನನಗೆ ತಿಳಿಯಿತು. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಾ ಹೇಳಿದೆ: “ಅವತ್ತು ನನ್ನಲ್ಲಿ ಹಿಟ್ಟಿತ್ತು ಕಿತೇರಿಯಕ್ಕ. ಬಾವಿಕಟ್ಟೆಯಲ್ಲಿ ಮೊದ್ಲು ಬಾಯಿ ಬಿಟ್ಟದ್ದೂ ನಾನೇ.”

“ಗೊತ್ತುಂಟು” ಎಂದಳು. “ನಿನ್ನ ಹೇಳಿಕೆ ಮೊದಲ ದಿನವೇ ಓದಿ ಹೇಳಿದ್ರಲ್ಲ.”

“ಮತ್ತೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ ನೀವು?”

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

“ಹೇಳಿದ್ದೆ” ಎಂದಳು. “ಮೊದ್ಲು ಹೇಳಿದ್ದೇ ನಿನ್ನದು. ಸಾಕ್ಷಿಯವಳ ಹೆಸರು ಮೊದ್ಲ ಸಲಕ್ಕೆ ನಡೆಯುದಿಲ್ಲ, ಬೇರೆ ಹೇಳು ಅಂದ್ರು ಪಂಡಿತರು. ಬರೆಯುವವನು ಹೊಡೆದು ಹಾಕಿದ. ಆಮೇಲೆ ನಾನು ಬೆನೆದಿತಾ ಅಂದೆ.”

ನಾನು ತಟ್ಟೆ ತೆಗೆದುಕೊಂಡು ಹೋಗಿ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಸಂಜೆ ಅವಳಿಗೆ ಎಂದಿನಂತೆ ಉಣಿಸಿದೆ. ನಾಲ್ಕು ದಿನ ಕಳೆದು ಅವಳು ತೀರಿಕೊಂಡಳು.

ಅವಳ ತೋಟವನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಅವಳ ಮಣ್ಣಾದ ಮೇಲೂ ಪಾಸ್ಕು ಶನಿವಾರ ಬರುವುದನ್ನು ಬಿಡಲಿಲ್ಲ. ಅವನು ಬಗ್ಗಿ ಬಳ್ಳಿ ಕಟ್ಟುವಾಗಲೆಲ್ಲ ನಾನು ಮನೆಯೊಳಗೆ ಹೋಗಿಬಿಡುತ್ತಿದ್ದೆ. ಮೂರು ಶನಿವಾರ ತಡೆದುಕೊಂಡೆ. ನಾಲ್ಕನೆಯ ಶನಿವಾರ ಬೇಲಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಹಿಟ್ಟು, ಬಾವಿಕಟ್ಟೆ, ಹೊಡೆದು ಹಾಕಿದ ನನ್ನ ಹೆಸರು, ಅದರ ಜಾಗಕ್ಕೆ ಬಂದ ಅವನ ಹೆಂಡತಿಯ ಹೆಸರು.

ಪಾಸ್ಕು ಕೈಯಲ್ಲಿದ್ದ ನಾರನ್ನು ಬೆರಳಿಗೆ ಸುತ್ತುತ್ತಾ ಕೇಳಿದ. ಮುಗಿದ ಮೇಲೆ, “ಬೆನೆದಿತಾ ಹೇಳಿದ ನಾಲ್ಕು ಮನೆ ಉಂಟಲ್ಲ ಅತ್ತಿಗೆ, ಅಲ್ಲಿಗೂ ನಾನೇ ಹೋಗಿ ಬಳ್ಳಿ ಕತ್ತರಿಸುದು” ಎಂದ. “ಒಂಬತ್ತು ವರ್ಷ ಆಯ್ತು. ಆ ನಾಲ್ಕು ಮನೆಯವರು ಒಂದು ದಿನವೂ ಅದರ ಮಾತು ತೆಗೀಲಿಲ್ಲ. ಹಾಗಾಗಿ ಹೋಗ್ಲಿಕ್ಕೆ ಆಗ್ತದೆ. ನೀವು ಯಾಕೆ ಹೇಳಿದ್ರಿ?”

ಅವನು ಆ ಸಾಲನ್ನು ಕಟ್ಟಿ ಮುಗಿಸಿ, ಕತ್ತಿ ಒರೆಸಿ, ಹೊರಟುಹೋದ. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನ ಶನಿವಾರವೂ ಬರಲಿಲ್ಲ. ಆ ಚಳಿಗಾಲವಿಡೀ ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದ.

ಫೆಬ್ರವರಿಯಲ್ಲಿ ಬಳ್ಳಿ ಕತ್ತರಿಸುವ ಕಾಲ ಬಂತು. ನನಗೆ ಆ ಕೆಲಸ ಸರಿಯಾಗಿ ಬಾರದು. ಕತ್ತಿ ಹಿಡಿದು ಮೊದಲ ಸಾಲಿನಲ್ಲಿ ತಡವರಿಸುತ್ತಿದ್ದಾಗ ದಾರಿಯಲ್ಲಿ ಯಾರೋ ನಿಂತ ಹಾಗಾಯಿತು. ಪಾಸ್ಕು. ಬೇಲಿಯ ಆಚೆಯಿಂದ ನನ್ನ ಕೈಯನ್ನೇ ನೋಡುತ್ತಿದ್ದ.

“ಅಷ್ಟು ಮೇಲೆ ಅಲ್ಲ” ಎಂದ. “ಚಿಗುರುವ ಎರಡು ಕಣ್ಣು ಬಿಟ್ಟು ಕೆಳಗೆ ಕತ್ತರಿಸಿ.”

ನಾನು ಎರಡು ಕಣ್ಣು ಬಿಟ್ಟು ಕತ್ತರಿಸಿದೆ. ಅವನು ಒಳಗೆ ಬರಲಿಲ್ಲ. ಹೋಗಲೂ ಇಲ್ಲ. ಸಾಲು ಮುಗಿಯುವವರೆಗೆ ಅಲ್ಲೇ ನಿಂತಿದ್ದು, ನಾನು ಎರಡನೆಯ ಸಾಲಿಗೆ ಹೋದಾಗ ತಾನೂ ಬೇಲಿಯಾಚೆ ನಾಲ್ಕು ಹೆಜ್ಜೆ ಮುಂದೆ ಬಂದ.